ಬಾಣಂತಿಗೂ ಎಣ್ಣೆ ಹಚ್ಚಿಸಿ: ಮನೆಗೆ ಬಂದು ನೀರು ಹಾಕುವ ಅಕ್ಕನ ಸೇವೆ ಹೇಗಿತ್ತು?

ಬಾಣಂತನದಲ್ಲಿ ಮಾಡಿದ ಖರ್ಚಿನಲ್ಲಿ ಯಾವುದು ಸಾರ್ಥಕ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ. ಬೆಳಿಗ್ಗೆ ಮನೆಗೆ ಬಂದು ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದ ಅಕ್ಕನಿಗೆ ಕೊಟ್ಟ ದುಡ್ಡು. ದುಬಾರಿ ತೊಟ್ಟಿಲು ಆಗಲೇ ಮೂಲೆ ಸೇರಿದೆ. ಬ್ರೆಸ್ಟ್ ಪಂಪ್ ಅಟ್ಟ ಹತ್ತಿದೆ. ಅಕ್ಕ ಮಾಡಿ ಹೋದ ಕೆಲಸದ ಗುಣ ಮಾತ್ರ ನನ್ನ ಭುಜದಲ್ಲಿ, ಬೆನ್ನಿನಲ್ಲಿ ಇವತ್ತಿಗೂ ಇದೆ.

ಈ ಸೇವೆಯ ಬಗ್ಗೆ ವಿಚಾರಿಸುವವರೆಲ್ಲ ಮಗುವಿನ ವಿಷಯವನ್ನೇ ಕೇಳುತ್ತಾರೆ. ಮಗು ಅಳ್ತಿತ್ತಾ? ನಿದ್ದೆ ಮಾಡ್ತಿತ್ತಾ? ತೂಕ ಬಂತಾ? ಅದನ್ನೂ ಹೇಳುತ್ತೇನೆ. ಆದರೆ ನಾನು ಬರೆಯಲು ಕೂತಿದ್ದು ತಾಯಿಯ ವಿಷಯಕ್ಕೆ. ಈಗ ಎಷ್ಟೋ ಮನೆಗಳಲ್ಲಿ ಮಗುವಿಗೆ ಮಾತ್ರ ಜನ ಗೊತ್ತು ಮಾಡುತ್ತಾರೆ. ತಾಯಿ ತಾನೇ ಗೀಸರ್ ಹಾಕಿಕೊಂಡು ಹತ್ತು ನಿಮಿಷದಲ್ಲಿ ಸ್ನಾನ ಮುಗಿಸಿ ಬರುತ್ತಾಳೆ. ಉಳಿಸುವುದಾದರೆ ಬೇರೆ ಎಲ್ಲಾದರೂ ಉಳಿಸಿ. ಇದರಲ್ಲಿ ಬೇಡ.

ನಮ್ಮ ಮನೆಯ ಸ್ಥಿತಿ ಸ್ವಲ್ಪ ಹೇಳಬೇಕು, ಯಾಕೆಂದರೆ ಎಲ್ಲರದೂ ಒಂದೇ ಥರ ಇರುವುದಿಲ್ಲ. ನನಗೆ 34 ವಾರಕ್ಕೇ ಸಿಸೇರಿಯನ್ ಆಯಿತು. ಮಗಳು ಹುಟ್ಟಿದಾಗ 1.9 ಕೆ.ಜಿ. ಇದ್ದಳು. ಆಮೇಲೆ ಎನ್‌ಐಸಿಯು (ಎಳೆ ಮಕ್ಕಳ ತೀವ್ರ ನಿಗಾ ಘಟಕ), ಗ್ಲೂಕೋಸ್, ಹಳದಿ ಕಾಮಾಲೆಗೆ ನೀಲಿ ಲೈಟು. ಎಲ್ಲ ಮುಗಿಸಿಕೊಂಡು ಮೈಸೂರಿನಲ್ಲಿ, ಕುವೆಂಪುನಗರದ ನನ್ನ ತವರಿಗೆ ಬಂದೆವು. ನನ್ನ ಗಂಡನಿಗೆ ಬೆಂಗಳೂರಿನಲ್ಲಿ ಕೆಲಸ. ಶುಕ್ರವಾರ ರಾತ್ರಿ ಬಂದು ಸೋಮವಾರ ಬೆಳಗಿನ ರೈಲಿಗೆ ಹೋಗುತ್ತಿದ್ದರು. ಮನೆಯಲ್ಲಿ ಅಮ್ಮ, ನಾನು, ಮಗು. ಅಮ್ಮನಿಗೆ ಮಂಡಿ ನೋವು. ಮಣೆ ಮೇಲೆ ಕೂತು ಮಗುವಿಗೆ ನೀರು ಹಾಕುವುದು ಅವರಿಂದ ಆಗದ ಮಾತು.

ಮುಟ್ಟುವುದರಲ್ಲಿ ಏನಿದೆ ಅಂತ ಮೊದಲು ಗೊತ್ತಾಗಿದ್ದು ಆಸ್ಪತ್ರೆಯಲ್ಲೇ. ಎನ್‌ಐಸಿಯು ಸಿಸ್ಟರ್ ಒಬ್ಬರು ಕುರ್ಚಿಯಲ್ಲಿ ನನ್ನನ್ನು ಹಿಂದಕ್ಕೆ ಒರಗಿಸಿ ಕೂರಿಸಿದರು. ಗೌನಿನ ಮುಂದಿನ ಗಂಟು ಬಿಚ್ಚಿಸಿದರು. ಬರೀ ಡೈಪರು, ಟೋಪಿಯಲ್ಲಿದ್ದ ಮಗುವನ್ನು ನನ್ನ ಎದೆಗೆ ಅಂಟಿಸಿ ಮಲಗಿಸಿ, ಮೇಲೆ ಬಟ್ಟೆ ಸುತ್ತಿ ಕಟ್ಟಿದರು. ಕಾಂಗರೂ ಕೇರ್ ಅನ್ನುತ್ತಾರಲ್ಲ, ಅದು. ಮಾನಿಟರಿನಲ್ಲಿ 170ರ ಆಸುಪಾಸು ಓಡುತ್ತಿದ್ದ ಅವಳ ಎದೆಬಡಿತ ನಿಧಾನವಾಗಿ 150ಕ್ಕೆ ಇಳಿಯಿತು. ನಾನು ಏನೂ ಮಾಡಿರಲಿಲ್ಲ. ಸುಮ್ನೆ ಕೂತಿದ್ದೆ, ಅಷ್ಟೇ.

ಆಮೇಲೆ ರಾತ್ರಿ ಹಾಲು ಕುಡಿಸುವಾಗ ನಿದ್ದೆ ತಡೆಯಲು ಫೋನಿನಲ್ಲಿ ಇದರ ಬಗ್ಗೆ ಓದಿಕೊಂಡೆ. ಇದು ಶುರುವಾಗಿದ್ದು 1978ರಲ್ಲಿ, ಕೊಲಂಬಿಯಾದ ಬೊಗೋಟಾದಲ್ಲಿ. ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ಎಳೆ ಮಕ್ಕಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್‌ಗಳು ಸಾಲುತ್ತಿರಲಿಲ್ಲ, ಸೋಂಕು ಬೇರೆ. ಎಡ್ಗರ್ ರೇ ಸನಾಬ್ರಿಯಾ ಅನ್ನುವ ಮಕ್ಕಳ ವೈದ್ಯರು ತಾಯಿಯ ಎದೆಯನ್ನೇ ಇನ್‌ಕ್ಯುಬೇಟರ್ ಮಾಡಿಕೊಂಡರು. ಬಡತನಕ್ಕೆ ಕಂಡುಕೊಂಡ ಉಪಾಯ ಈಗ ಎಲ್ಲರಿಗೂ ಬೇಕಾದ ಚಿಕಿತ್ಸೆ. ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. 1 ಕೆ.ಜಿ.ಯಿಂದ 1.8 ಕೆ.ಜಿ.ಯೊಳಗಿನ ಮಕ್ಕಳನ್ನು ಹುಟ್ಟಿದ ಕೂಡಲೇ ಎದೆಗೆ ಹಾಕಿದರೆ ಮೊದಲ 28 ದಿನಗಳ ಸಾವು ಶೇಕಡಾ 25ರಷ್ಟು ಕಡಿಮೆಯಾಯಿತಂತೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹಾಗೇ ಮಾಡಿ ಅಂತ ಶಿಫಾರಸು ಮಾಡಿತು. ಇದನ್ನು ಓದಿದ ಮೇಲೆ ನನ್ನ ಗಂಡನೂ ವಾರಾಂತ್ಯದಲ್ಲಿ ಬನಿಯನ್ ತೆಗೆದು ಮಗಳನ್ನು ಎದೆ ಮೇಲೆ ಹಾಕಿಕೊಂಡು ಕೂರುತ್ತಿದ್ದರು. ಅಪ್ಪಂದಿರು ಮಾಡಿದರೂ ನಡೆಯುತ್ತದೆ, ನೆನಪಿರಲಿ.

ಮನೆಗೆ ಬಂದ ಮೇಲೆ ಮಗುವಿಗೆ ನೀರು ಹಾಕುವ ಅವಸರ ಮಾಡಲಿಲ್ಲ. ತೂಕ ಎರಡೂವರೆ ಕೆ.ಜಿ. ದಾಟಲಿ, ಅಲ್ಲಿಯವರೆಗೆ ಒರೆಸಿ ಸಾಕು ಅಂದಿದ್ದರು ಡಾಕ್ಟರು. ನನಗೂ ಹೊಲಿಗೆ ಒಣಗಬೇಕಿತ್ತು. ಇಬ್ಬರಿಗೂ ಒಪ್ಪಿಗೆ ಸಿಕ್ಕಿದ ಮೇಲೆಯೇ ಜನ ಹುಡುಕಿದೆವು.

ಮೊದಲು ಒಂದು ಏಜೆನ್ಸಿ ಕಡೆಯಿಂದ ಒಬ್ಬರು ಬಂದರು. ಯೂನಿಫಾರ್ಮ್ ಇತ್ತು, ಗುರುತಿನ ಚೀಟಿ ಇತ್ತು, ಸಮಯಕ್ಕೆ ಸರಿಯಾಗಿ ಬಂದರು. ಬಂದವರು ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ನನಗೆ ಎಣ್ಣೆ ತಿಕ್ಕಿದರು. ಎಣ್ಣೆ ತಣ್ಣಗಿತ್ತು. ಕೈ ಜೋರಾಗಿ ಓಡುತ್ತಿತ್ತು. ಮಾತು ಫೋನಿನಲ್ಲಿ ಯಾರ ಜೊತೆಗೋ. ಮಗುವನ್ನು ತಗೊಂಡಾಗ ಮೂಗು ಎತ್ತರ ಆಗಲಿ ಅಂತ ಮೂಗಿನ ದಂಡೆ ಹಿಂಡಲು ಹೋದರು. ಅಮ್ಮ ಅಲ್ಲೇ ತಡೆದು, ದುಡ್ಡು ಕೊಟ್ಟು ಕಳಿಸಿಬಿಟ್ಟರು. ಮಸಾಜ್ ಅನ್ನುವುದು ಬರೀ ಎಣ್ಣೆ ಹಚ್ಚಿ ಉಜ್ಜುವುದಾಗಿದ್ದರೆ ಅವತ್ತೂ ನನಗೆ ಸುಖ ಆಗಬೇಕಿತ್ತು. ಆಗಲಿಲ್ಲ. ಮೈಯೆಲ್ಲ ಇನ್ನೂ ಬಿಗಿದುಕೊಂಡಿತು.

ಆಮೇಲೆ ಬಂದವರೇ ಅಕ್ಕ. ನಮ್ಮ ಬೀದಿಯ ಕೊನೆಯಲ್ಲಿ ಹೂ ಮಾರುವವರು ಹೇಳಿ ಕಳಿಸಿದ್ದು. ಹೆಸರು, ನಂಬರು ಇಲ್ಲಿ ಹಾಕುತ್ತಿಲ್ಲ. ಅದು ಅವರಿಗೂ ಇಷ್ಟವಿಲ್ಲ. ನಂಜನಗೂಡು ಕಡೆಯವರು. ವಯಸ್ಸು ಐವತ್ತರ ಮೇಲಿರಬಹುದು. ಅವರ ತಾಯಿಯೂ ಇದೇ ಕೆಲಸ ಮಾಡುತ್ತಿದ್ದರಂತೆ.

ಅವರ ತಯಾರಿ ನೋಡಿಯೇ ನನಗೆ ಅರ್ಧ ಸಮಾಧಾನ ಆಯಿತು. ಮೊದಲು ಕೈ ತೊಳೆಯುವುದು. ಮೊಣಕೈವರೆಗೆ, ಸೋಪು ಹಾಕಿ. ಉಗುರು ಚರ್ಮಕ್ಕೆ ಸಮ ಕತ್ತರಿಸಿರುತ್ತಿತ್ತು. ಕೈ ತುಂಬ ಗಾಜಿನ ಬಳೆ. ಅದನ್ನೆಲ್ಲ ಮೇಲಕ್ಕೆ ಸರಿಸಿ, ಸೆರಗಿನ ತುದಿಯಿಂದ ತೆಗೆದ ಬಟ್ಟೆ ಚೂರಿನಲ್ಲಿ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದರು, ಎಲ್ಲೂ ತರಚಬಾರದು ಅಂತ. ಎಣ್ಣೆ ಬಟ್ಟಲನ್ನು ಒಲೆ ಮೇಲೆ ಇಡುತ್ತಿರಲಿಲ್ಲ. ಬಿಸಿನೀರಿನ ಪಾತ್ರೆಯೊಳಗೆ ಇಡುತ್ತಿದ್ದರು. ಒಂದು ಹನಿ ತಮ್ಮ ಮುಂಗೈ ಒಳಭಾಗಕ್ಕೆ ಹಾಕಿ ನೋಡಿ, ಆಮೇಲೆ ನನ್ನ ಹತ್ತಿರ ಬಂದು, "ಮುಟ್ಲಾ ಅವ್ವ?" ಅಂತ ಕೇಳುತ್ತಿದ್ದರು.

ಈ ಒಂದು ಮಾತಿನ ಬೆಲೆ ಹೆತ್ತವರಿಗೇ ಗೊತ್ತು. ಹೆರಿಗೆಯ ಆ ದಿನಗಳಲ್ಲಿ ನಮ್ಮನ್ನು ಎಷ್ಟು ಜನ ಮುಟ್ಟುತ್ತಾರೆ ಅಲ್ವಾ? ಬಿಪಿ ನೋಡುವವರು, ಸೂಜಿ ಚುಚ್ಚುವವರು, ಹೊಟ್ಟೆ ಒತ್ತುವವರು, ಹೊಲಿಗೆ ನೋಡುವವರು, ಮಗು ಬಾಯಿಗೆ ಎದೆ ಹಿಡಿದು ಕೊಡುವವರು. ಎಲ್ಲ ಬೇಕಾದ ಕೆಲಸವೇ. ಅವರ ಮೇಲೆ ನನಗೆ ದೂರಿಲ್ಲ. ಆದರೆ ಅದ್ಯಾವುದೂ ನನಗೆ ಅಂತ ಮುಟ್ಟಿದ್ದಲ್ಲ. ಯಾವುದೋ ಕೆಲಸ ಆಗಬೇಕಿತ್ತು, ಅದಕ್ಕೆ ನನ್ನ ಮೈ ಬೇಕಿತ್ತು. ಮನೆಗೆ ಬಂದರೆ ಮಗು ಎರಡು ಗಂಟೆಗೊಮ್ಮೆ ಎದೆಗೆ. ಬಂದ ನೆಂಟರೆಲ್ಲ ಮಗುವನ್ನು ಎತ್ತಿಕೊಳ್ಳುತ್ತಾರೆ. ತಾಯಿಗೆ "ಚೆನ್ನಾಗಿ ತಿನ್ನು" ಅಂತ ಹೇಳಿ ಹೋಗುತ್ತಾರೆ.

ಅಕ್ಕ ನನ್ನನ್ನು ಮೊದಲು ಬಕ್ಕಬೋರಲು ಮಲಗಿಸುತ್ತಿರಲಿಲ್ಲ. ಹೊಲಿಗೆ ಇದೆ, ಎದೆ ಭಾರ ಇದೆ ಅಂತ ಕಡಿಮೆ ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಮುಂದೆ ಹಾಸಿಗೆಯ ಮೇಲೆ ದಿಂಬು ಒಟ್ಟಿ, ಅದರ ಮೇಲೆ ಕೈ ಮಡಿಸಿ ತಲೆ ಇಡಲು ಹೇಳುತ್ತಿದ್ದರು. ಎರಡು ಅಂಗೈಯನ್ನೂ ಬೆನ್ನಿನ ಮೇಲೆ ಹಾಗೇ ಇಟ್ಟು ಸ್ವಲ್ಪ ಹೊತ್ತು ಏನೂ ಮಾಡುತ್ತಿರಲಿಲ್ಲ. ಆಮೇಲೆ ಸೊಂಟದಿಂದ ಮೇಲಕ್ಕೆ, ಬೆನ್ನುಮೂಳೆಯ ಎರಡೂ ಪಕ್ಕದಲ್ಲಿ, ಮೂಳೆ ಬಿಟ್ಟು, ಉದ್ದಕ್ಕೆ ನಿಧಾನವಾಗಿ ಎಳೆಯುವುದು. ಭುಜದ ರೆಕ್ಕೆಯ ಅಂಚಿಗೆ ಬಂದಾಗ ಹೆಬ್ಬೆರಳು ನಿಲ್ಲುತ್ತಿತ್ತು. ಅಲ್ಲೇ ಇತ್ತು ನನ್ನ ಗಂಟು. ಮಗುವಿಗೆ ಹಾಲು ಕುಡಿಸಲು ಬಗ್ಗಿ ಬಗ್ಗಿ ಕಟ್ಟಿಕೊಂಡಿದ್ದು.

"ಯಾಕವ್ವ ಭುಜವ ಕಿವಿಗಂಟ ಎತ್ಕಂಡಿದ್ದೀಯ? ಬುಡು. ಮಗ ಮಲಗದೆ. ಯಾರೂ ಕರೀತಿಲ್ಲ."

ಅಷ್ಟು ಹೇಳಿ ಹೆಬ್ಬೆರಳನ್ನು ಆ ಗಂಟಿನ ಮೇಲೆ ಇಟ್ಟರು. ಒತ್ತಲಿಲ್ಲ. ನಾನು ಉಸಿರು ಬಿಟ್ಟಾಗ ಮಾತ್ರ ಸ್ವಲ್ಪ ಭಾರ ಕೊಡುತ್ತಿದ್ದರು. ಉಸಿರು ತಗೊಂಡಾಗ ಸಡಿಲ. ಹೀಗೇ ಸ್ವಲ್ಪ ಹೊತ್ತು ಆದ ಮೇಲೆ ಒಳಗೆ ಏನೋ ಜಾರಿದ ಹಾಗೆ ಆ ಗಂಟು ಬಿಟ್ಟುಕೊಂಡಿತು. ನನಗೆ ಅಳು ಬಂತು. ಅಕ್ಕ ಯಾಕೆ ಅಂತ ಕೇಳಲಿಲ್ಲ, ಅಳಬೇಡ ಅಂತಲೂ ಹೇಳಲಿಲ್ಲ. ಅಂಗೈ ಅಗಲ ಮಾಡಿ ಬೆನ್ನ ಮೇಲೆ ಇಟ್ಟುಕೊಂಡು ನಿಂತಿದ್ದರು. ನನ್ನ ಉಸಿರು ಸರಿಹೋದ ಮೇಲೆ ಕೆಲಸ ಮುಂದುವರಿಸಿದರು.

ಆಮೇಲೆ ಕುತ್ತಿಗೆ. ತಿರುಚುವುದಿಲ್ಲ, ಲಟಿಕೆ ತೆಗೆಯುವುದಿಲ್ಲ. ಇದು ಒಳ್ಳೆಯದು, ಯಾಕೆಂದರೆ ಕುತ್ತಿಗೆಯನ್ನು ಜೋರಾಗಿ ತಿರುಗಿಸಿದರೆ ಮಿದುಳಿಗೆ ಹೋಗುವ ರಕ್ತನಾಳಕ್ಕೆ ಪೆಟ್ಟಾಗಿ ಪಾರ್ಶ್ವವಾಯು ಆಗುವುದುಂಟು. ಆಮೇಲೆ ಕೈ, ಒಂದೊಂದೇ ಬೆರಳು. ಮಗು ಎತ್ತಿ ಎತ್ತಿ ನನ್ನ ಹೆಬ್ಬೆರಳಿನ ಬುಡ ನೋಯುತ್ತಿತ್ತು, ಅಲ್ಲಿ ಹಗುರವಾಗಿ. ಹೊಟ್ಟೆಗೆ ಕೈಯನ್ನೇ ಹಾಕುತ್ತಿರಲಿಲ್ಲ. "ಕುಯ್ದಿರೋ ಹೊಟ್ಟೆ, ಅದು ಡಾಕ್ಟ್ರುದು" ಅನ್ನುತ್ತಿದ್ದರು. ಕಾಲಿಗೆ ಬಂದಾಗ ಎರಡೂ ಮೀನಖಂಡವನ್ನು ಕಣ್ಣಲ್ಲಿ ಒಂದು ಸಲ ಹೋಲಿಸಿ ನೋಡುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ, ಒಂದೇ ಕಾಲು ಊದಿ ನೋವಿದ್ದರೆ ಮುಟ್ಟಬಾರದು ಅಂತ ಒಬ್ಬ ನರ್ಸಮ್ಮ ಹೇಳಿಕೊಟ್ಟಿದ್ದಾರೆ ಅಂದರು. ಹೆರಿಗೆ ಆದ ಮೊದಲ ಆರು ವಾರ, ಸಿಸೇರಿಯನ್ ಆದವರಿಗೆ ಇನ್ನೂ ಜಾಸ್ತಿ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ. ಅಂಥ ಕಾಲನ್ನು ತಿಕ್ಕಿದರೆ ಆ ಗಡ್ಡೆ ಶ್ವಾಸಕೋಶಕ್ಕೆ ಹೋಗಬಹುದು. ಇದನ್ನು ಅವರಾಗಿಯೇ ನೋಡಿದ್ದಕ್ಕೆ ನಾನು ಪೂರ್ತಿ ನಂಬಿದೆ.

ಕೊನೆಗೆ ಅಂಗಾಲು, ತಲೆ. ತಲೆಗೆ ಹರಳೆಣ್ಣೆ ಜೊತೆ ಕೊಬ್ಬರಿ ಎಣ್ಣೆ, ಮೈಗೆ ಎಳ್ಳೆಣ್ಣೆ. ಆಮೇಲೆ ನೀರು. ಬೆನ್ನಿಗೆ, ಸೊಂಟಕ್ಕೆ ಚೊಂಬು ಚೊಂಬಾಗಿ ಬಿಸಿನೀರು ಹುಯ್ಯುವಾಗ ಹಿತ ಅಂದರೆ ಏನು ಅಂತ ಗೊತ್ತಾಗುತ್ತದೆ. ಹೊಲಿಗೆ ಹತ್ತಿರ ಮಾತ್ರ ಉಗುರು ಬೆಚ್ಚಗಿನ ನೀರು, ಮೆತ್ತಗೆ ಒತ್ತಿ ಒರೆಸುವುದು. ಅದಾದ ಮೇಲೆ ಹಾಸಿಗೆಗೆ ಬಿದ್ದರೆ ಮಗು ಎಬ್ಬಿಸುವವರೆಗೆ ನನಗೆ ಎಚ್ಚರ ಇರುತ್ತಿರಲಿಲ್ಲ. ಆ ದಿನಗಳಲ್ಲಿ ಹಾಗೆ ಗಡದ್ದಾಗಿ ನಿದ್ದೆ ಬರುತ್ತಿದ್ದದ್ದು ಅದೊಂದೇ ಹೊತ್ತಿನಲ್ಲಿ.

ಇದೆಲ್ಲ ಮನಸ್ಸಿನ ಭ್ರಮೆ ಅಲ್ಲ. ನಮ್ಮ ಚರ್ಮದಲ್ಲಿ, ಅದರಲ್ಲೂ ರೋಮ ಇರುವ ಕಡೆ, ನಿಧಾನವಾಗಿ ಸವರಿದಾಗ ಎಚ್ಚರಗೊಳ್ಳುವ ನರದ ಎಳೆಗಳೇ ಬೇರೆ ಇವೆ. ಅವಕ್ಕೆ ಸಿ-ಟ್ಯಾಕ್ಟೈಲ್ ಅನ್ನುತ್ತಾರೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಮೈ ಬಿಸುಪಿನ ಕೈಯಿಂದ ಸವರಿದಾಗ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಏನು ಮುಟ್ಟಿತು, ಎಲ್ಲಿ ಮುಟ್ಟಿತು ಅಂತ ಹೇಳುವ ನರಗಳು ಬೇರೆ. ಇವು ಆ ಮುಟ್ಟುವಿಕೆ ಹಿತವಾಗಿದೆ, ಅಕ್ಕರೆಯದ್ದು ಅನ್ನುವುದನ್ನು ಹೇಳುತ್ತವೆ. ಇದನ್ನು ಓದಿದಾಗ ನನಗೆ ಏಜೆನ್ಸಿಯವರ ತಣ್ಣನೆಯ ಎಣ್ಣೆ, ಓಡುವ ಕೈ ನೆನಪಾಯಿತು. ಅಕ್ಕ ಎಣ್ಣೆ ಬೆಚ್ಚಗೆ ಮಾಡಿ, ಕೈ ಇಟ್ಟು, ನಿಧಾನ ಎಳೆಯುತ್ತಿದ್ದದ್ದು ಸುಮ್ನೆ ಅಲ್ಲ. ಸಿಸೇರಿಯನ್ ಆದವರಿಗೆ ಕೈಕಾಲಿನ ಮಸಾಜ್ ಮಾಡಿ ನೋಡಿದ ಸಣ್ಣ ಸಣ್ಣ ಅಧ್ಯಯನಗಳಲ್ಲೂ ನೋವು, ಆತಂಕ ಕಡಿಮೆಯಾಗಿದ್ದು ಕಂಡುಬಂದಿದೆ. ಹಿತವಾಗಿ ಮೈ ಮುಟ್ಟಿದಾಗ ಆಕ್ಸಿಟೋಸಿನ್ ಅನ್ನುವ ಹಾರ್ಮೋನ್ ಬಿಡುಗಡೆಯಾಗುತ್ತದೆ. ಹಾಲು ಇಳಿಯುವುದಕ್ಕೂ ಅದೇ ಬೇಕು. ಎಣ್ಣೆ ನೀರಿನ ದಿನ ಮಧ್ಯಾಹ್ನದ ಹಾಲು ಸಲೀಸಾಗಿ ಬರುತ್ತಿತ್ತು ಅನ್ನುವುದು ನನ್ನ ಅನುಭವ.

ಇದರ ಜೊತೆಗೇ ಒಂದು ಗಂಭೀರ ವಿಷಯ. ಎಣ್ಣೆ ನೀರು ಎಲ್ಲವನ್ನೂ ವಾಸಿ ಮಾಡುವುದಿಲ್ಲ. ಬಾಣಂತಿಗೆ ಎರಡು ವಾರದ ಮೇಲೂ ಸದಾ ಅಳು, ಮಗುವಿನ ಮೇಲೆ ಮನಸ್ಸೇ ಹೋಗದಿರುವುದು, ಬದುಕು ಬೇಡ ಅನ್ನಿಸುವುದು ಇದ್ದರೆ ಅದು ಖಿನ್ನತೆ. ಅದಕ್ಕೆ ಡಾಕ್ಟರು ಬೇಕು. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ನಂಬರನ್ನು ಬಾಣಂತಿ ಕೋಣೆಯ ಗೋಡೆಗೆ ಅಂಟಿಸಿಟ್ಟರೂ ತಪ್ಪಿಲ್ಲ.

ಈಗ ಮಗುವಿನ ವಿಷಯ. ಅಕ್ಕ ಬಚ್ಚಲಲ್ಲಿ ಮಣೆ ಹಾಕಿಕೊಂಡು, ಕಾಲು ನೀಡಿ ಕೂತು, ಎರಡು ಕಾಲಿನ ನಡುವಿನ ತಗ್ಗಿಗೆ ಮೆತ್ತನೆಯ ಬಟ್ಟೆ ಹಾಸಿ ಮಗಳನ್ನು ಮಲಗಿಸುತ್ತಿದ್ದರು. ಕೊಬ್ಬರಿ ಎಣ್ಣೆ ಮಾತ್ರ. ಶುರು ಮಾಡುತ್ತಿದ್ದದ್ದು ಪಾದದಿಂದ. ಅಂಗಾಲು, ಕಣಕಾಲು, ತೊಡೆ, ಆಮೇಲೆ ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ಕಡೆಗೆ. ಮಗಳ ಮುಷ್ಟಿ ಸದಾ ಬಿಗಿ ಇರುತ್ತಿತ್ತು. ಅದನ್ನು ಬಿಡಿಸಲು ಹೋಗುತ್ತಿರಲಿಲ್ಲ. ಮುಂಗೈ ಮೇಲೆ ಬೆರಳಿಂದ ಸವರಿದರೆ ಅದಾಗಿಯೇ ಬಿಚ್ಚಿಕೊಳ್ಳುತ್ತಿತ್ತು. ಅತ್ತರೆ ನಿಲ್ಲಿಸಿ ಎದೆ ಮೇಲೆ ಅಂಗೈ ಇಟ್ಟು ಕಾಯುತ್ತಿದ್ದರು. ಆಮೇಲೂ ಅಳು ನಿಲ್ಲದಿದ್ದರೆ ಇವತ್ತಿಗೆ ಸಾಕು ಅಂತ ಮುಗಿಸಿಬಿಡುತ್ತಿದ್ದರು. ಅಳುವ ಮಗುವನ್ನು ಹಿಡಿದು ತಿಕ್ಕಿದರೆ ಗಟ್ಟಿಮುಟ್ಟಾಗುತ್ತದೆ ಅನ್ನುವವರು ಇದ್ದಾರೆ. ಅವರ ಕೈಗೆ ಮಗು ಕೊಡಬೇಡಿ.

ಎಷ್ಟು ಒತ್ತಬೇಕು ಅಂತ ಅಮ್ಮ ಕೇಳಿದ್ದಕ್ಕೆ, "ಕಚಗುಳಿನೂ ಆಗ್ಬಾರ್ದು, ನೋವೂ ಆಗ್ಬಾರ್ದು" ಅಂದರು. ಆಶ್ಚರ್ಯ ಅಂದರೆ ಅಮೆರಿಕದ ಟಿಫನಿ ಫೀಲ್ಡ್ ಅನ್ನುವ ಮನಃಶಾಸ್ತ್ರಜ್ಞೆ ಹೇಳುವುದೂ ಅದನ್ನೇ. ಅವರ ತಂಡ 1986ರಲ್ಲಿ ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗೆ ದಿನಕ್ಕೆ ಮೂರು ಸಲ, 15 ನಿಮಿಷದಂತೆ, 10 ದಿನ ಮಸಾಜ್ ಮಾಡಿ ನೋಡಿತು. ಮಸಾಜ್ ಇಲ್ಲದ ಮಕ್ಕಳಷ್ಟೇ ಹಾಲು ಕುಡಿದರೂ ಈ ಮಕ್ಕಳ ದಿನದ ತೂಕ ಏರಿಕೆ ಶೇಕಡಾ 47 ಜಾಸ್ತಿ ಇತ್ತು. 6 ದಿನ ಮೊದಲೇ ಆಸ್ಪತ್ರೆಯಿಂದ ಮನೆಗೆ ಹೋದವು. ಹಗುರವಾಗಿ ಸವರಿದರೆ ಇಷ್ಟು ಗುಣ ಕಾಣಲಿಲ್ಲ, ಹದವಾದ ಒತ್ತಡ ಬೇಕು ಅಂತ ಮುಂದಿನ ಅಧ್ಯಯನಗಳಲ್ಲಿ ಗೊತ್ತಾಯಿತು. ಹದವಾಗಿ ಒತ್ತಿದಾಗ ವೇಗಸ್ ಅನ್ನುವ ನರ ಚುರುಕಾಗಿ ಹೊಟ್ಟೆಯ ಕೆಲಸ ಚೆನ್ನಾಗಿ ಆಗುತ್ತದಂತೆ. ಇನ್ನು ಎಣ್ಣೆ. ಮುಂಬೈಯಲ್ಲಿ ನಡೆದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೇಗ ಹುಟ್ಟಿದ ಮಕ್ಕಳಿಗೆ ಕೊಬ್ಬರಿ ಎಣ್ಣೆಯ ಮಸಾಜ್ ಮಾಡಿದಾಗ ಪೆಟ್ರೋಲಿಯಂನಿಂದ ತೆಗೆಯುವ ಮಿನರಲ್ ಆಯಿಲ್‌ಗಿಂತ ಚೆನ್ನಾಗಿ ತೂಕ ಬಂತು. ಬಣ್ಣದ ಬಾಟಲಿಯ ಬೇಬಿ ಆಯಿಲ್ ತಂದವರಿಗೆ ಇದನ್ನು ಹೇಳಿ. ಅದರ ಮೂಲವಸ್ತು ಸಾಮಾನ್ಯವಾಗಿ ಮಿನರಲ್ ಆಯಿಲೇ.

ನನ್ನ ಮಗಳ ತೂಕ ಚೆನ್ನಾಗಿ ಬಂತು. ಅದು ಎಣ್ಣೆಯಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ಎದೆಹಾಲಿತ್ತು, ಡಾಕ್ಟರು ಕೊಟ್ಟ ಡ್ರಾಪ್ಸ್ ಇತ್ತು. ಆದರೆ ನೀರು ಹಾಕಿಸಿಕೊಂಡ ಮೇಲೆ ಹಾಲು ಕುಡಿದು ಅವಳು ಮಾಡುತ್ತಿದ್ದ ನಿದ್ದೆ, ಏಳುವಾಗಿನ ಲವಲವಿಕೆ, ಅದು ಮನೆಯವರೆಲ್ಲರ ಕಣ್ಣಿಗೆ ಕಂಡಿದ್ದು.

ಅಕ್ಕನ ಎಲ್ಲ ಮಾತಿಗೂ ನಾವು ತಲೆಯಾಡಿಸಲಿಲ್ಲ. ಸಾಂಬ್ರಾಣಿ ಹೊಗೆ ಹಾಕಬೇಕು ಅಂದರು. ಬೇಗ ಹುಟ್ಟಿದ ಮಗುವಿನ ಶ್ವಾಸಕೋಶಕ್ಕೆ ಹೊಗೆ ಒಳ್ಳೆಯದಲ್ಲ, ಬೇಡ ಅಂದೆವು. ಮುಖ ಸಣ್ಣ ಮಾಡಿಕೊಂಡರೂ ಒಪ್ಪಿಕೊಂಡರು. ಕಡ್ಲೆಹಿಟ್ಟೂ ಬೇಡ ಅಂದೆವು, ಅದಕ್ಕೆ ಬೇಗ ಒಪ್ಪಿದರು. ಬಾಣಂತಿ ನೀರು ಕಡಿಮೆ ಕುಡಿಯಬೇಕು ಅನ್ನುವುದು ಅವರ ಗಟ್ಟಿ ನಂಬಿಕೆ. ಇದು ನಮ್ಮ ಕಡೆ ಎಷ್ಟೋ ಹಿರಿಯರ ನಂಬಿಕೆಯೂ ಹೌದು, ಮತ್ತು ತಪ್ಪು ನಂಬಿಕೆ. ಹಾಲೂಡಿಸುವವರಿಗೆ ಬಾಯಾರಿಕೆ ಜಾಸ್ತಿ. ಕುಡಿಯಲೇಬೇಕು. ನಾನು ಅವರೆದುರೇ ಚೊಂಬು ತುಂಬ ಕುಡಿಯುತ್ತಿದ್ದೆ. ಸೇವೆ ಒಳ್ಳೆಯದು ಅಂದಮಾತ್ರಕ್ಕೆ ಅವರು ಹೇಳಿದ್ದೆಲ್ಲ ಕೇಳಬೇಕಾಗಿಲ್ಲ. ಆದರೆ ಮಗುವಿನ ಕಿವಿಗೆ, ಮೂಗಿಗೆ ಎಣ್ಣೆ ಬಿಡುವುದು, ಎಳೆ ಮಗುವಿನ ಎದೆ ಹಿಂಡುವುದು, ಕಾಲು ಹಿಡಿದು ತಲೆಕೆಳಗೆ ಮಾಡುವುದು, ಇಂಥದ್ದನ್ನು ಮಾಡುವವರಾಗಿದ್ದರೆ ಅಲ್ಲೇ ನಿಲ್ಲಿಸಿ. ಅಕ್ಕ ಇದ್ಯಾವುದನ್ನೂ ಮಾಡಲಿಲ್ಲ.

ತೊಂದರೆಗಳೂ ಇವೆ. ಸಮಯ ಅಂತ ಇಲ್ಲ. ಒಂದು ದಿನ ಒಂಬತ್ತಕ್ಕೆ, ಇನ್ನೊಂದು ದಿನ ಹನ್ನೊಂದೂವರೆಗೆ. ನಾಲ್ಕೈದು ಮನೆ ಮುಗಿಸಿ ಬರಬೇಕು, ಬಸ್ಸು ಸಿಗಬೇಕು. ಊರಹಬ್ಬ ಅಂದರೆ ಹೇಳದೆ ಕೇಳದೆ ರಜೆ. ಬದಲಿಗೆ ಇನ್ನೊಬ್ಬರನ್ನು ಕಳಿಸುವುದಿಲ್ಲ. ಎಣ್ಣೆ, ಟವೆಲು, ಬಿಸಿನೀರು ಎಲ್ಲ ನಾವೇ ಸಿದ್ಧ ಮಾಡಿಡಬೇಕು. ಅವರು ಹೋದ ಮೇಲೆ ಬಚ್ಚಲನ್ನು ಸೋಪಿನ ಪುಡಿ ಹಾಕಿ ಉಜ್ಜಲೇಬೇಕು, ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಜಾರಿ ಬೀಳುವುದು ಖಂಡಿತ. ಮಂಡಿ ನೋವಿನ ಅಮ್ಮನದೇ ನಮಗೆ ಭಯ ಇತ್ತು. ರಬ್ಬರ್ ಮ್ಯಾಟ್ ತಂದು ಹಾಕಿದೆವು.

ದರ ಹೇಳಿಬಿಡುತ್ತೇನೆ. ತಾಯಿ ಮಗು ಇಬ್ಬರಿಗೂ ಸೇರಿ ದಿನಕ್ಕೆ 600 ರೂಪಾಯಿ. ಮಗುವಿಗೆ ಮಾತ್ರ ಆದರೆ 300. ಬೆಂಗಳೂರಿನ ಗೆಳತಿಯರು ಇದರ ದುಪ್ಪಟ್ಟಿಗಿಂತ ಜಾಸ್ತಿ ಕೊಟ್ಟಿದ್ದಾರೆ. ಒಂದು ಗಂಟೆಗೂ ಮೀರಿ ಕೂತು, ಬಗ್ಗಿ, ನೀರೆತ್ತಿ ಹಾಕುವ ಕೆಲಸಕ್ಕೆ ಇದು ಏನೂ ಜಾಸ್ತಿ ಅಲ್ಲ. ಅಕ್ಕನ ಹೆಬ್ಬೆರಳಿನ ಗಿಣ್ಣುಗಳು ದಪ್ಪಗಾಗಿವೆ. ರಾತ್ರಿ ಹೊತ್ತು ತಾವೇ ಬಿಸಿನೀರಿನಲ್ಲಿ ಅದ್ದಿಕೊಳ್ಳುತ್ತಾರಂತೆ. ಕೈಯೇ ಬಂಡವಾಳ ಆಗಿರುವವರಿಗೆ ರಜೆ ಇಲ್ಲ, ವಿಮೆ ಇಲ್ಲ. ಹಾಗಾಗಿ ಅವರು ಬರದ ಹಬ್ಬದ ದಿನಗಳ ದುಡ್ಡನ್ನೂ ನಾವು ಹಿಡಿಯಲಿಲ್ಲ. ಕೊನೆಯಲ್ಲಿ ಸೀರೆ, ಎಲೆ ಅಡಿಕೆ ಜೊತೆ ಮೇಲೆ ಸ್ವಲ್ಪ ದುಡ್ಡು ಕೊಡುವುದು ಪದ್ಧತಿ. ದುಡ್ಡಿನ ಬದಲು ಸೀರೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ.

ಇನ್ನೊಂದು ಒಳ್ಳೆಯ ಕೆಲಸ ಅಕ್ಕ ಮಾಡಿದರು. ಶನಿವಾರ ನನ್ನ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಪಾದ ತಿಕ್ಕುವುದು ಹೇಗೆ ಅಂತ ಕಲಿಸಿದರು. ಅವರಿಗೆ ಮೊದಲು ಸಂಕೋಚ, ಅತ್ತೆ ಬೇರೆ ಎದುರಿಗೆ. "ಎಂಡ್ರ ಕಾಲ ಮುಟ್ಟಿದ್ರೆ ಏನೂ ಸವೆಯಕಿಲ್ಲ ಕನಪ್ಪ" ಅಂತ ಅಕ್ಕ ಹೇಳಿದ ಮೇಲೆ ಅಮ್ಮನೇ ಅಡುಗೆಮನೆಗೆ ಎದ್ದು ಹೋದರು. ಹಿಮ್ಮಡಿಯಿಂದ ಬೆರಳಿನ ಕಡೆಗೆ ಹೆಬ್ಬೆರಳು ಎಳೆಯುವುದು, ಬೆರಳು ಒಂದೊಂದನ್ನೇ ಹಿಡಿದು ಸಡಿಲ ಬಿಡುವುದು. ಅಷ್ಟೇ ಕಲಿತದ್ದು, ಈಗಲೂ ಮಾಡುತ್ತಾರೆ. ಬಟ್ಟಲಲ್ಲಿ ಎಣ್ಣೆ ಉಳಿದರೆ ಅಕ್ಕ ಹೋಗುವ ಮುಂಚೆ ಅಮ್ಮನ ಮಂಡಿಗೂ ಹಚ್ಚುತ್ತಿದ್ದರು. ಅಮ್ಮ ಪ್ರತಿ ಸಲ ಬೇಡ ಬೇಡ ಅನ್ನುತ್ತಲೇ ಸೀರೆ ಮೇಲೆ ಎತ್ತಿಕೊಂಡು ಕೂರುತ್ತಿದ್ದರು. ಅಪ್ಪ ಹೋದ ಮೇಲೆ ಅಮ್ಮನ ಮೈ ಮುಟ್ಟಿ ಯಾರಾದರೂ ಆರೈಕೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಈಗ ನಾನು ತವರಿಗೆ ಹೋದಾಗಲೆಲ್ಲ ಭಾನುವಾರ ಅಮ್ಮನಿಗೆ ನಾನೇ ಎಣ್ಣೆ ಹಚ್ಚುತ್ತೇನೆ.

ಯಾರಿಗೆ ಬೇಡ ಅನ್ನುವುದನ್ನೂ ಹೇಳಬೇಕು. ಜ್ವರ ಇದ್ದರೆ, ಹೊಲಿಗೆಯಲ್ಲಿ ಕೀವು, ಕೆಂಪು ಇದ್ದರೆ, ಒಂದೇ ಕಾಲು ಊದಿದ್ದರೆ, ಬಿಪಿ ಹತೋಟಿಗೆ ಬಂದಿಲ್ಲದಿದ್ದರೆ ಮೊದಲು ಡಾಕ್ಟರು, ಆಮೇಲೆ ಎಣ್ಣೆ. ಮಗುವಿನ ಮೈಮೇಲೆ ಗುಳ್ಳೆ ಇದ್ದರೂ ಅಷ್ಟೇ. ಮುಟ್ಟಿಸಿಕೊಳ್ಳುವುದೇ ಇಷ್ಟವಿಲ್ಲದ ಬಾಣಂತಿಯೂ ಇರುತ್ತಾಳೆ. ಪದ್ಧತಿ ಅಂತ ಅವಳನ್ನು ಬಲವಂತ ಮಾಡಬೇಡಿ. ಪಾದಕ್ಕೆ ಮಾತ್ರ ಅಂತ ಶುರು ಮಾಡಿದರೂ ಆಗುತ್ತದೆ.

ಅಕ್ಕನ ಹತ್ತಿರ ಈಗ ಜಾಗ ಖಾಲಿ ಇಲ್ಲ, ಹೊಸ ಮನೆ ಹಿಡಿಯುತ್ತಿಲ್ಲ. ಆದ್ದರಿಂದ ನಂಬರ್ ಕೊಡಿ ಅಂತ ಕೇಳಬೇಡಿ. ನಿಮ್ಮ ಬಡಾವಣೆಯ ಆಶಾ ಕಾರ್ಯಕರ್ತೆಯನ್ನು ಕೇಳಿ, ಹೆರಿಗೆ ವಾರ್ಡಿನ ಆಯಾಗಳನ್ನು ಕೇಳಿ, ಹೂವಿನವರನ್ನು ಕೇಳಿ. ಏಳನೇ ತಿಂಗಳಲ್ಲೇ ಹುಡುಕಿಟ್ಟುಕೊಳ್ಳಿ, ಯಾಕೆಂದರೆ ಒಳ್ಳೆಯ ಕೈಯವರು ಬೇಗ ಸಿಗುವುದಿಲ್ಲ. ಗೊತ್ತು ಮಾಡುವ ಮುಂಚೆ ಒಂದು ದಿನ ಕರೆಸಿ ನಿಮ್ಮ ಭುಜಕ್ಕೆ ಎಣ್ಣೆ ಹಚ್ಚಿಸಿ ನೋಡಿ. ಉಗುರು ನೋಡಿ. ಎಣ್ಣೆ ಬೆಚ್ಚಗೆ ಮಾಡುತ್ತಾರಾ, ಕೇಳಿ ಮುಟ್ಟುತ್ತಾರಾ ನೋಡಿ. ಮಗುವಿಗೆ ಎಷ್ಟು ಅಂತ ಮಾತು ಶುರುವಾಗುತ್ತದೆ. ಆಗಲೇ ತಾಯಿಗೂ ಸೇರಿಸಿ ಮಾತಾಡಿ, ದುಡ್ಡು ಹೊಂದಿಸಲು ಆಗದಿದ್ದರೆ ವಾರಕ್ಕೆ ಎರಡು ದಿನವಾದರೂ ತಾಯಿಗೆ ಇರಲಿ ಅಂತ ಹೇಳಿ.